ಚಾಂದಿನ ಹದಿನಾಲ್ಕು, ಕಾರ್ಕಿನ ಸಮುದ್ರ

ಮೊನ್ನೆ ಹೊಸ್ತಿಲು ಎಡವಿ ಮೊಣಕಾಲು ತರಚಿಕೊಂಡೆ. ಕಪಾಟಿನ ಮೂಲೆಯಲ್ಲಿದ್ದ ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದೆ ನೋಡಿ, ಗಾಯ, ಉರಿ ಎರಡೂ ಮರೆತುಹೋದವು. ಅದು ಕಡಲಕಳೆಯ ವಾಸನೆ. ಐರ್ಲೆಂಡಿನಲ್ಲಿ, ಕಾರ್ಕ್ ಊರಿನಿಂದ ಪಡುವಣಕ್ಕೆ ಎರಡು ತಾಸಿನ ದಾರಿ ಹೋದರೆ ಸಿಗುವ ಒಂದು ಪುಟ್ಟ ದ್ವೀಪದ ದಂಡೆಯಲ್ಲಿ, ಬಿಸಿಲಿಗೆ ಬಿದ್ದ ಕಂದು ಕಳೆ ಥೇಟ್ ಹೀಗೇ ನಾರುತ್ತಿತ್ತು. ಹತ್ತಿ ಕೈಯಲ್ಲಿ ಹಿಡಿದುಕೊಂಡೇ ಹತ್ತು ನಿಮಿಷ ಕೂತುಬಿಟ್ಟೆ. ವಾಸನೆಗೆಲ್ಲ ಕಣ್ಣೀರು ಹಾಕುವ ಪೈಕಿ ನಾನಲ್ಲ. ಆದರೆ ಆ ಶನಿವಾರ ನೆನಪಾದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಜಂಬ ಅನ್ನಿ ಬೇಕಾದರೆ. ಹೌದು, ಜಂಬವೇ.

ನಾನು ಗದಗಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು. ಊರಿಗೆಲ್ಲ ಮುಲ್ಲಾ ಟೀಚರ್. ಭೂಗೋಳ ಕಲಿಸಿದ್ದು ನಿಜ, ನೋಡಿದ್ದು ಮಾತ್ರ ಕಡಿಮೆ. ಶಾಲೆಯ ಪ್ರವಾಸ ಪ್ರತಿ ವರ್ಷ ಹಂಪಿ, ಇಲ್ಲವೇ ಬಾದಾಮಿ. ಒಮ್ಮೆ ಧೈರ್ಯ ಮಾಡಿ ಕಾರವಾರಕ್ಕೆ ಹೊರಟೆವು; ಯಲ್ಲಾಪುರದ ಘಟ್ಟದಲ್ಲಿ ಬಸ್ಸು ಕೆಟ್ಟು, ಅರ್ಧ ಮಕ್ಕಳು ವಾಂತಿ ಮಾಡಿ, ಅಲ್ಲಿಂದಲೇ ತಿರುಗಿದೆವು. ಹಾಗಾಗಿ ಉಬ್ಬರವಿಳಿತದ ಪಾಠವನ್ನು ನಾನು ಸಮುದ್ರ ನೋಡದೆಯೇ ಮೂವತ್ತೊಂದು ಸಲ ಮಾಡಿದ್ದೇನೆ. ಒಂದು ಬೋರ್ಡು, ಮೂರು ಬಣ್ಣದ ಚಾಕ್‌ಪೀಸು: ಸೂರ್ಯ, ಚಂದ್ರ, ಭೂಮಿ. ಸ್ಟಾಫ್‌ರೂಮಿನಲ್ಲಿ ವಿಜ್ಞಾನದ ಮಾಸ್ತರರು ಚೇಷ್ಟೆ ಮಾಡುತ್ತಿದ್ದರು, ಮುಲ್ಲಾ ಟೀಚರ್ ಸಮುದ್ರ ಅಂದ್ರೆ ಪುಸ್ತಕದ ಬದನೆಕಾಯಿ ಅಂತ. ಎಲ್ಲರ ಜೊತೆ ನಾನೂ ನಗುತ್ತಿದ್ದೆ, ಒಳಗೆ ಚುರುಕ್ ಅನ್ನುತ್ತಿತ್ತು.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜೀವ ಅಲ್ಲ ಇದು. ಮನೆಯ ಮುಂದಿನ ಕೋಣೆಯಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಹುಡುಗಿಯರಿಗೆ ಪಾಠ ಶುರುಮಾಡಿದೆ. ಬೆಟಗೇರಿಯ ಮಗ್ಗದ ಮನೆಗಳಿಂದ, ಹೂ ಕಟ್ಟುವವರ ಓಣಿಯಿಂದ ಬರುವ ಹುಡುಗಿಯರು. ಎಂಟನೇ ತರಗತಿಯಲ್ಲಿ ಹಿಡಿದರೆ ಎಸ್ಸೆಸ್ಸೆಲ್ಸಿ ದಾಟಿಸುವ ತನಕ ಕೈಬಿಡುತ್ತಿರಲಿಲ್ಲ. ಆ ಮನೆಗಳಲ್ಲಿ ನಿಯಮ ಸರಳ: ಪಾಸಾದರೆ ಕಾಲೇಜು, ಓದು ನಿಂತರೆ ಮದುವೆ. ನಾನು ವಿಮಾನ ಹತ್ತುವಾಗ ಎಂಟನೇ ತರಗತಿಯ ಹನ್ನೊಂದು ಹುಡುಗಿಯರಿದ್ದರು. ಮೂರು ತಿಂಗಳಲ್ಲಿ ಬರುತ್ತೇನೆ, ಅಷ್ಟರಲ್ಲಿ ನಕಾಶೆ ತುಂಬುವುದನ್ನು ರೂಢಿ ಮಾಡಿಕೊಳ್ಳಿ ಅಂತ ಹೇಳಿ ಬಂದಿದ್ದೆ.

ಬಂದದ್ದು ಕಾರ್ಕಿಗೆ, ಮಗಳ ಮನೆಗೆ. ಮಗಳು ನಸೀಮಾ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಅಳಿಯ ಇರ್ಫಾನ್ ಬೆಂಗಳೂರಿನ ಶಿವಾಜಿನಗರದವನು, ಲಿಟಲ್ ಐಲ್ಯಾಂಡಿನ ಔಷಧ ಫ್ಯಾಕ್ಟರಿಯಲ್ಲಿ ಕೆಲಸ. ಹೆಸರು ಕೇಳಿ, ನಮ್ಮ ಅಳಿಯ ದಿನಾ ದೋಣಿಯಲ್ಲಿ ಕೆಲಸಕ್ಕೆ ಹೋಗ್ತಾನೆ ಅಂತ ಅರ್ಧ ಗದಗಿಗೆ ಹೇಳಿಕೊಂಡಿದ್ದೆ. ಹೋಗಿ ನೋಡಿದರೆ ಬರೀ ಶೆಡ್ಡು, ಕಾರು ನಿಲ್ಲಿಸುವ ಬಯಲು. ಮೊಮ್ಮಗಳು ಸಾರಾಳಿಗೆ ಒಂಬತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಕಾರ್ಕಿನವರ ಏರಿಳಿತದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ನಾವು ಅರ್ಧ ಉರ್ದು, ಅರ್ಧ ಕನ್ನಡ. ಜಗಳಕ್ಕೆ ಮಾತ್ರ ಪೂರ್ತಿ ಗದಗಿನ ಕನ್ನಡ.

ನಸೀಮಾಳ ಸ್ವಭಾವ ಒಂದು ಹೇಳಬೇಕು. ಅಡುಗೆ, ಔಷಧ, ಮಗುವಿನ ಈಜಿನ ಕ್ಲಾಸು, ಎಲ್ಲವೂ ಅವಳ ಲ್ಯಾಪ್‌ಟಾಪಿನ ಒಂದು ಪಟ್ಟಿಯಲ್ಲಿರಬೇಕು. ಆದ ಕೆಲಸಕ್ಕೆ ಹಸಿರು ಬಣ್ಣ, ಆಗದ್ದಕ್ಕೆ ಕೆಂಪು. ಆ ಪಟ್ಟಿಯಲ್ಲಿ 2020ರ ಏಪ್ರಿಲ್‌ಗೆ ಒಂದು ಸಾಲು ನನ್ನದಾಗಿತ್ತು: ಮಾಲ್ಟಾ, ದ್ವೀಪದಿಂದ ದ್ವೀಪಕ್ಕೆ ಒಂದು ದಿನದ ಹಾಯಿದೋಣಿ. ಮೆಡಿಟರೇನಿಯನ್ ವಾಯುಗುಣ, ಒಣ ಬೇಸಿಗೆ, ಚಳಿಗಾಲದ ಮಳೆ, ಆಲಿವ್ ಮತ್ತು ದ್ರಾಕ್ಷಿ ಅಂತ ಒದರಿ ಒದರಿ ಗಂಟಲು ಹರಿದುಕೊಂಡವಳಿಗೆ ಆ ಸಮುದ್ರವನ್ನೇ ತೋರಿಸುವ ಹಂಚಿಕೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಾರ್ಚಿನಲ್ಲಿ ಕೊರೋನಾ ಬಂತು, ವಿಮಾನ ನಿಂತವು, ಮಾಲ್ಟಾದ ಸಾಲು ಕೆಂಪಾಯಿತು. ನನ್ನ ಮೂರು ತಿಂಗಳು ಹದಿನೇಳು ತಿಂಗಳಾದವು.

ಮೊದಲು ಮನೆಯಿಂದ ಎರಡು ಕಿಲೋಮೀಟರ್, ಆಮೇಲೆ ಐದು ಕಿಲೋಮೀಟರ್, ಅದರಾಚೆ ಹೋಗುವ ಹಾಗಿಲ್ಲ. ಮಗಳು, ಅಳಿಯ ದಿನವಿಡೀ ಫೋನಿನಲ್ಲಿ, ಮಗು ಪರದೆಯ ಮುಂದೆ. ನಾನು ಸಂಜೆಯ ಅಸರ್ ನಮಾಜಿನ ಆಚೀಚೆ ಒಬ್ಬಳೇ ಹೊರಡುತ್ತಿದ್ದೆ. ಬಡಾವಣೆ ದಾಟಿದರೆ ಸಮುದ್ರದ ಹಿನ್ನೀರು ಒಳಗೆ ಬರುವ ಒಂದು ಕಾಲುವೆ. ಒಂದು ದಿನ ತುಂಬಿರುತ್ತಿತ್ತು, ಇನ್ನೊಂದು ದಿನ ಅದೇ ಹೊತ್ತಿಗೆ ಬರೀ ಕೆಸರು. ನನಗೆ ಮೈ ಜುಮ್ಮೆಂದಿತು. ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರು ನಡೆಯುತ್ತಿದೆ! ಅವತ್ತಿನಿಂದ ಚಾಂದಿನ, ಅಂದರೆ ಚಂದ್ರನ, ತಾರೀಖು ಹಿಡಿದು ನೀರು ನೋಡುವುದೇ ಒಂದು ಚಟವಾಯಿತು. ನಮ್ಮ ಮನೆಗಳಲ್ಲಿ ರೋಜಾ ಉಪವಾಸಕ್ಕೆ, ಹಬ್ಬಕ್ಕೆ ಚಾಂದಿನ ತಾರೀಖು ನೆನಪಿಡುವುದು ರೂಢಿ. ಹದಿನಾಲ್ಕು, ಹದಿನೈದರ ಸುಮಾರಿಗೆ ಸಂಜೆ ಐದು ಗಂಟೆಗೆ ಕಾಲುವೆ ದಂಡೆಯ ತನಕ ತುಂಬುತ್ತಿತ್ತು. ಏಳು, ಎಂಟರ ಸುಮಾರಿಗೆ ಅದೇ ಐದು ಗಂಟೆಗೆ ಕೆಸರು. ಹದಿನೇಳು ತಿಂಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮನೆಯವರಿಗೆ ಹೇಳಿದರೆ, ಹೌದಾ ಅಮ್ಮೀ, ಚಲೋ ಆತು, ಅಂದು ಫೋನಿಗೆ ತಿರುಗುತ್ತಿದ್ದರು.

ಅಷ್ಟರಲ್ಲಿ ನನ್ನ ಮೇಲೆ ಒಂದು ಗುಮಾನಿ ಹುಟ್ಟಿತ್ತು. ಎರಡು ಸಲ ಹಾಲು ಉಕ್ಕಿಸಿದೆ. ಒಮ್ಮೆ ಪಕ್ಕದ ಮನೆಯ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುವುತ್ತಾ ನಿಂತಿದ್ದೆ. ಆ ಬಡಾವಣೆಯಲ್ಲಿ ನಲವತ್ತು ಮನೆ, ನಲವತ್ತಕ್ಕೂ ಅದೇ ಬಾಗಿಲು, ಅದೇ ಬೂದು ಬಣ್ಣ; ಕಟ್ಟಿದವನೇ ಬಂದರೂ ತಪ್ಪುತ್ತಾನೆ. ಆದರೆ ನಸೀಮಾ ಗುರುತು ಹಾಕಿಕೊಂಡಳು. 2021ರ ರಂಜಾನಿನಲ್ಲಿ ಡಾಕ್ಟರರು ಫೋನ್ ಮಾಡಿದರು. ಬಿಪಿಗೆ ಅಂತ ಮಗಳು ಹೇಳಿದ್ದಳು. ಅವರು ಅದೂ ಇದೂ ಕೇಳಿ, ಇವತ್ತು ತಾರೀಖು ಎಷ್ಟು ಅಂದರು. ಉಪವಾಸದ ಬಾಯಿ, ಕಡೆಯ ಹತ್ತು ದಿನದ ಧ್ಯಾನ. ನಾನು ಥಟ್ಟನೆ ಇಪ್ಪತ್ತೆರಡು ಅಂದೆ. ಇಂಗ್ಲಿಷ್ ತಿಂಗಳು ಆಗಷ್ಟೇ ಶುರುವಾಗಿತ್ತು. ಸ್ಪೀಕರಿನಲ್ಲಿ ಕೇಳುತ್ತಿದ್ದ ಮಗಳ ಮುಖ ಬಿಳುಚಿಕೊಂಡಿತು. ಅದು ಮರೆವಿನ ಪರೀಕ್ಷೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಚಾಂದಿನ ತಾರೀಖು ಹೇಳಿದೆ ಅಂದರೆ, ಇರಲಿ ಬಿಡು ಅಮ್ಮೀ ಅಂತ ತಲೆ ಸವರಿದಳು. ಹಾಗೆ ಸವರಿದ್ದು ನನ್ನನ್ನು ಬೈದದ್ದಕ್ಕಿಂತ ಜಾಸ್ತಿ ನೋಯಿಸಿತು.

ಅವಳ ತಪ್ಪೂ ಅಲ್ಲ, ಆ ಮೇ ತಿಂಗಳು ಹಾಗಿತ್ತು. ಗದಗಿನಿಂದ ಬಂದ ಫೋನೆಲ್ಲ ಸಾವಿನ ಸುದ್ದಿ. ನನ್ನ ಜೊತೆ ಕಲಿಸಿದವರಲ್ಲಿ ಇಬ್ಬರು ಹೋದರು, ಅದರಲ್ಲಿ ಒಬ್ಬರು ಆ ವಿಜ್ಞಾನದ ಮಾಸ್ತರರು. ಅಂಥ ಊರಿಗೆ ಅಮ್ಮನನ್ನು ಒಬ್ಬಳೇ ಕಳಿಸುವುದು ಹೇಗೆ ಅನ್ನುವುದು ಅವಳ ಭಯ. ನನ್ನ ಭಯ ಬೇರೆ. ನನ್ನ ಹುಡುಗಿಯರು ಎಂಟರಿಂದ ಒಂಬತ್ತು, ಒಂಬತ್ತರಿಂದ ಹತ್ತಕ್ಕೆ ಬಂದಿದ್ದರು, ಶಾಲೆಯ ಬಾಗಿಲು ಮುಚ್ಚಿತ್ತು. ಅವರಲ್ಲಿ ರೇಣುಕಾ ಅನ್ನುವವಳು ಅಣ್ಣನ ಫೋನಿನಿಂದ ಕದ್ದು ಮಾತು ಕಳಿಸಿದ್ದಳು: “ಟೀಚರ್, ನಮ್ಮ ಮನ್ಯಾಗ ವರ ನೋಡಾಕತ್ತಾರ್ರೀ. ನೀವು ಬರತೀರಿ ಅಂದ್ರ ಅಪ್ಪ ತಡೀತಾನ. ಯಾವಾಗ ಬರತೀರಿ?” ಅದನ್ನು ಎಷ್ಟು ಸಲ ಕೇಳಿದೆನೋ. ಹೋಗಬೇಕು ಅಂದಾಗಲೆಲ್ಲ ನಸೀಮಾ ನೋಡೋಣ ಅನ್ನುತ್ತಿದ್ದಳು. ಒಂದು ದಿನ ಅವಳ ಲ್ಯಾಪ್‌ಟಾಪ್ ಒರೆಸುವಾಗ ಪಟ್ಟಿ ಕಣ್ಣಿಗೆ ಬಿತ್ತು. ಅಮ್ಮಿ ಅನ್ನುವ ಸಾಲಿನ ಎದುರು, ಇಲ್ಲೇ ಕಾಯಂ, ಕಾಗದಪತ್ರ ಶುರು ಅಂತ ಇತ್ತು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಅವತ್ತು ರಾತ್ರಿ ಊಟ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಅಂತ ಅದಕ್ಕೂ ಒಂದು ಮಾತ್ರೆ ಬಂತು.

ಜುಲೈಗೆ ನಿಯಮ ಸಡಿಲವಾದವು. ನನಗೆ ಲಸಿಕೆಯ ಎರಡೂ ಸೂಜಿ ಆಗಿತ್ತು. ಮಾಲ್ಟಾ ಇಲ್ಲದಿದ್ದರೆ ಏನಾಯಿತು, ಇಲ್ಲೂ ದ್ವೀಪಗಳಿವೆ ಅಂತ ಇರ್ಫಾನ್ ಪಡುವಣ ಕಾರ್ಕಿನ ಕೊಲ್ಲಿಯಲ್ಲಿ ಒಂದು ಹಾಯಿದೋಣಿ ಗೊತ್ತುಮಾಡಿದ. ಬೆಳಿಗ್ಗೆ ಹತ್ತಿ, ದ್ವೀಪ ದ್ವೀಪ ಸುತ್ತಿ, ಒಂದು ಕಡೆ ಇಳಿದು ಊಟ ಮಾಡಿ, ಸಂಜೆ ವಾಪಸ್ಸು. ನಸೀಮಾ ನಿಮಿಷ ನಿಮಿಷಕ್ಕೂ ಪಟ್ಟಿ ಮಾಡಿದಳು. ಎಲ್ಲ ಸಿದ್ಧವಾದ ಮೇಲೆ ದೋಣಿಯವನಿಗೆ ಫೋನ್ ಬಂತು, ನಿನ್ನ ಹತ್ತಿರ ಇದ್ದವರಿಗೆ ಕೊರೋನಾ, ಮನೆಯಲ್ಲಿರು ಅಂತ. ಶನಿವಾರದ್ದು ಮುಂದಿನ ಶನಿವಾರಕ್ಕೆ ಹೋಯಿತು. ನಡುವೆ ಮಂಗಳವಾರ ಬಕ್ರೀದ್. ಆ ವಾರ ಐರ್ಲೆಂಡಿನಲ್ಲಿ ಸುಡು ಬಿಸಿಲು, ಅಲ್ಲಿಯ ಜನ ಕಂಗಾಲು. ನನಗೆ ಮಾತ್ರ ಮೈಯ ಎಲುಬೆಲ್ಲ ಸಡಿಲಾದ ಸುಖ.

ದೋಣಿಯವನ ಹೆಸರು ಡೋನಲ್. ನನ್ನದೇ ವಯಸ್ಸು, ಮುಖವೆಲ್ಲ ಬಿಸಿಲಿಗೆ ಕೆಂಪು. ಚಳಿಗಾಲವನ್ನೆಲ್ಲ ಮೆಡಿಟರೇನಿಯನ್ನಿನಲ್ಲಿ ದೋಣಿ ನಡೆಸಿ ಕಳೆಯುತ್ತಿದ್ದವನು, ಕೊರೋನಾ ಬಂದಾಗಿನಿಂದ ಅವನೂ ಊರಲ್ಲೇ ಸಿಕ್ಕಿಬಿದ್ದಿದ್ದ. ಬಂದರಿನ ಮೆಟ್ಟಿಲು ಇಳಿಯುವಾಗ ಮಗಳು ಒಂದು ಕೈ, ಅಳಿಯ ಒಂದು ಕೈ ಹಿಡಿದುಕೊಂಡರು. ಅಮ್ಮಿಗೆ ಮೊಣಕಾಲು ಸರಿಯಿಲ್ಲ, ಸ್ವಲ್ಪ ಮರೆವು ಐತೆ ಅಂತ ಇರ್ಫಾನ್ ಆ ಗೊತ್ತಿಲ್ಲದವನಿಗೂ ಇಂಗ್ಲಿಷಿನಲ್ಲಿ ಹೇಳಿದ. ಕೇಳಿಸಲಿಲ್ಲ ಅನ್ನುವ ಹಾಗೆ ಕೂತೆ.

ಇಂಜಿನ್ ನಿಲ್ಲಿಸಿ ಹಾಯಿ ಏರಿಸಿದ ಆ ಗಳಿಗೆ ಮಾತ್ರ ಸಿಟ್ಟೆಲ್ಲ ಇಳಿದುಹೋಯಿತು. ಸದ್ದೇ ಇಲ್ಲ. ಬಟ್ಟೆ ಗಾಳಿ ತುಂಬಿಕೊಂಡು ಒಮ್ಮೆ ಪಟ್ ಅಂತು, ದೋಣಿ ಒಂದು ಪಕ್ಕಕ್ಕೆ ವಾಲಿತು, ಹೊರಟೆವು. ಅರವತ್ತೇಳು ವರ್ಷಕ್ಕೆ ನಾನು ಸಮುದ್ರದ ಮೇಲಿದ್ದೆ. ಎಡಕ್ಕೆ ಒಂದು ದ್ವೀಪ, ಬಲಕ್ಕೆ ಎರಡು, ಮುಂದೆ ಇನ್ನೂ ಏಳೆಂಟು. ಕೆಲವದರ ಮೇಲೆ ಹಸು ಮೇಯುತ್ತಿದ್ದವು. ಸಾರಾ ಎಣಿಸಲು ಹೋಗಿ ಸೋತಳು. ನಾನು ಬಿಸ್ಮಿಲ್ಲಾ ಅಂದು ಕೈ ಇಳಿಬಿಟ್ಟು ನೀರು ಮುಟ್ಟಿ, ಬೆರಳು ನೆಕ್ಕಿ ನೋಡಿದೆ. ಉಪ್ಪು. ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ.

ಹನ್ನೆರಡಕ್ಕೆ ಒಂದು ದ್ವೀಪದ ಮರಳ ದಂಡೆಯ ಎದುರು ದೋಣಿ ನಿಂತಿತು. ಡೋನಲ್ ಸಣ್ಣ ರಬ್ಬರ್ ದೋಣಿಯಲ್ಲಿ ನಮ್ಮನ್ನು ದಂಡೆಗೆ ಬಿಟ್ಟ. ದೊಡ್ಡ ದೋಣಿಯನ್ನು ಆಚೆ ಬದಿ ಆಳದ ಕಡೆ ಕಟ್ಟಿ, ಮೂರು ಗಂಟೆಗೆ ಬರುತ್ತೇನೆ ಅಂದ. ನಮ್ಮ ದ್ವೀಪದ ತುದಿಯಿಂದ ಇನ್ನೊಂದು ಚಿಕ್ಕ ದ್ವೀಪಕ್ಕೆ ಮರಳಿನ ದಿಬ್ಬವೊಂದು ಹೊಲದ ಬದುವಿನ ಹಾಗೆ ಹೋಗಿತ್ತು, ಎರಡೂ ಕಡೆ ನೀರು. ಅದನ್ನು ತೋರಿಸಿ, ಅಲ್ಲಿ ನೀರಿನ ಮೇಲೆ ಕಣ್ಣಿಡಿ ಅಂದ. ನಸೀಮಾ ಫೋನ್ ಎತ್ತಿ ತೋರಿಸಿ, ಎಲ್ಲ ಸಮಯ ನಮ್ಮ ಹತ್ತಿರ ಇದೆ, ಅಲ್ಲಿಯವರ ಹಾಗೆ ವಿ ಆರ್ ಗ್ರ್ಯಾಂಡ್, ನಾವು ಆರಾಮ್, ಅಂದಳು. ಅವನು ಹೋದ.

ಬಕ್ರೀದಿನ ಮಾಂಸದಲ್ಲಿ ನಾನೇ ಕೈಮಾ ಮಾಡಿ ರೊಟ್ಟಿಯಲ್ಲಿ ಸುತ್ತಿ ತಂದಿದ್ದೆ. ತಿಂದಾಯಿತು. ಒಂದು ಗಂಟೆಗೆ ಇರ್ಫಾನ್, ಸಾರಾ ಇಬ್ಬರೂ ಆ ಚಿಕ್ಕ ದ್ವೀಪದ ಬಂಡೆಯ ಮೇಲೆ ಸೀಲ್ ಪ್ರಾಣಿಗಳು ಕಾಣ್ತಾವೆ ಅಂತ ದಿಬ್ಬದ ಮೇಲೆ ಹೊರಟರು. ಒಣಗಿದ ಮರಳು, ಇನ್ನೂರು ಹೆಜ್ಜೆಯ ದಾರಿ. ಬಂಡೆಯ ಹಿಂದೆ ಮರೆಯಾದರು. ನಿನ್ನ ಕಾಲಿಗೆ ಬೇಡ, ನೀನು ಕೂತಿರು ಅಂತ ನನ್ನನ್ನು ಕೂರಿಸಿ ನಸೀಮಾ ಪಕ್ಕದಲ್ಲೇ ಅಡ್ಡಾದಳು.

ಕೂತವಳ ಕಣ್ಣಿಗೆ ಕೆಲಸ ಬೇಕಲ್ಲ. ನೀರಿನ ಅಂಚಿನಲ್ಲಿ ಒಂದು ಗುಡ್ಡೆ ಕಂದು ಕಳೆ ಬಿದ್ದಿತ್ತು. ಊಟಕ್ಕೆ ಕೂತಾಗ ಅದು ನೀರಿನಿಂದ ನಾಲ್ಕು ಮಾರು ದೂರವಿತ್ತು. ಈಗ ಅದರ ಬುಡ ಒದ್ದೆಯಾಗಿ ಅಲುಗಾಡುತ್ತಿತ್ತು. ನೀರು ಇಳಿಯುವ ಹೊತ್ತು ಯಾವಾಗ ಅಂತ ಮಗಳನ್ನು ಕೇಳಿದೆ. ಕಣ್ಣು ಮುಚ್ಚಿಕೊಂಡೇ, ಐದು ಗಂಟೆ ಹತ್ತು ನಿಮಿಷಕ್ಕೆ, ಅಲ್ಲಿ ತನಕ ಇಳೀತಾನೇ ಇರ್ತದೆ, ಪಟ್ಟಿಯಲ್ಲಿದೆ ಅಂದಳು. ಅಂದರೆ ಇವತ್ತು ಸಂಜೆ ಐದಕ್ಕೆ ಕೆಸರಿರಬೇಕು. ನನ್ನ ತಲೆಯಲ್ಲಿ ಗಂಟೆ ಬಾರಿಸಿತು. ಮಂಗಳವಾರ ಬಕ್ರೀದ್, ಚಾಂದಿನ ಹತ್ತು. ಬುಧ ಹನ್ನೊಂದು, ಗುರು ಹನ್ನೆರಡು, ಶುಕ್ರ ಹದಿಮೂರು. ಇವತ್ತು ಹದಿನಾಲ್ಕು. ಹದಿನಾಲ್ಕಕ್ಕೆ ಐದು ಗಂಟೆಗೆ ನೀರು ತುಂಬುತ್ತದೆ, ಬತ್ತುವುದಿಲ್ಲ. ಆ ಕಾಲುವೆ ಹದಿನೇಳು ತಿಂಗಳು ನನಗೆ ಒಂದು ಸುಳ್ಳೂ ಹೇಳಿರಲಿಲ್ಲ.

“ನಸೀಮಾ, ಈ ಪಟ್ಟಿ ಯಾವ ಶನಿವಾರದ್ದು?” ಅಂದೆ.

ಇವತ್ತಿಂದೇ ಅಂತ ಫೋನ್ ತೋರಿಸಿದಳು. ಮೇಲೆ ದೊಡ್ಡ ಅಕ್ಷರದಲ್ಲಿ ಅವತ್ತಿನ ತಾರೀಖೇ ಇತ್ತು. ಕೆಳಗಿನ ಸಾಲುಗಳನ್ನು ನೀನು ಮತ್ತೆ ಬರೆದೆಯಾ ಅಂದೆ. ದಿನ ಮುಂದಕ್ಕೆ ಹೋಯಿತು, ತಾರೀಖು ಬದಲಾಯಿಸಿದೆ, ಬೇರೆಲ್ಲ ಅದೇ ಅಲ್ಲವಾ ಅಮ್ಮೀ, ಅಂದಳು. ಅಲ್ಲೇ ಇತ್ತು ತಪ್ಪು. ಕಚೇರಿಯ ಮೀಟಿಂಗು ಒಂದು ವಾರ ಮುಂದೂಡಿದರೆ ಅದೇ ಹತ್ತು ಗಂಟೆಗೆ ಕೂರುತ್ತದೆ, ಸಮುದ್ರ ಕೂರುವುದಿಲ್ಲ. ದಿನಕ್ಕೆ ಐವತ್ತು ನಿಮಿಷ ತಡ, ಏಳು ದಿನಕ್ಕೆ ಹತ್ತಿರ ಹತ್ತಿರ ಆರು ತಾಸು. ಹೋದ ಶನಿವಾರ ಬತ್ತುವ ಹೊತ್ತಿಗೆ ಈ ಶನಿವಾರ ತುಂಬುತ್ತದೆ. ಇವತ್ತು ನೀರು ಬತ್ತಿದ್ದು ಹನ್ನೊಂದಕ್ಕೆ, ಎರಡು ತಾಸಿನಿಂದ ಏರುತ್ತಿದೆ, ಅದೂ ಹುಣ್ಣಿಮೆಯ ದೊಡ್ಡ ಉಬ್ಬರ. ಇದನ್ನೆಲ್ಲ ನಾನು ಬೆರಳಿನಿಂದ ಮರಳ ಮೇಲೆ ಬರೆದು ತೋರಿಸಿದೆ. ಅವಳು ಫೋನ್ ನೋಡಿದಳು, ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ತಾರೀಖು ಇಪ್ಪತ್ತೆರಡು ಅಂದಾಗ ನೋಡಿದ ನೋಟ.

ನಾನು ವಾದ ಮಾಡಲಿಲ್ಲ. ಒಂದು ಕಡ್ಡಿ ತಗೊಂಡು ಸರಿಯಾಗಿ ನೀರಿನ ಅಂಚಿಗೆ ಚುಚ್ಚಿದೆ. ಐದು ನಿಮಿಷ ಗಡಿಯಾರ ಹಿಡಿ, ಕಡ್ಡಿ ಒಣಗ್ಯೇ ಉಳಿದರೆ ನೀನು ಹೇಳುವ ಮರೆವಿನ ಡಾಕ್ಟರ್ ಹತ್ತಿರ ನಾಳೆಯೇ ಬರ್ತೇನೆ ಅಂದೆ. ಐದು ನಿಮಿಷ ಬೇಕಾಗಲಿಲ್ಲ. ಮೂರು ನಿಮಿಷಕ್ಕೇ ನೀರು ಕಡ್ಡಿ ದಾಟಿ ಒಂದು ಗೇಣು ಈಚೆ ಬಂದಿತ್ತು. ದಿಬ್ಬದ ಕಡೆ ತಿರುಗಿ ನೋಡಿದರೆ ನಡುವೆ ಎರಡೂ ಕಡೆಯ ನೀರು ಒಂದಕ್ಕೊಂದು ನಾಲಗೆ ಚಾಚುತ್ತಿತ್ತು.

ನಸೀಮಾ ಎದ್ದು ನಿಂತು ಇರ್ಫಾನನಿಗೆ ಫೋನ್ ಹಚ್ಚಿದಳು. ನೆಟ್‌ವರ್ಕ್ ಇಲ್ಲ. ಕೂಗಿದಳು, ಗಾಳಿ ಅವರ ಕಡೆಯಿಂದ ನಮ್ಮ ಕಡೆ ಬೀಸುತ್ತಿತ್ತು, ಕೂಗು ಬಾಯಿಂದಲೇ ಹಿಂದಕ್ಕೆ ಹೋಯಿತು. ಅವಳಿಗೆ ಈಜು ಬರುವುದಿಲ್ಲ, ನನಗೂ ಬರುವುದಿಲ್ಲ. ಮಗಳು ಅಳಲು ಶುರುಮಾಡಿದಳು. ನನಗೂ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೂವತ್ತೊಂದು ವರ್ಷ ಅಳುವ ಹುಡುಗಿಯರನ್ನು ಸಂಭಾಳಿಸಿದ ಅಭ್ಯಾಸ, ಎದುರಿಗೆ ಯಾರಾದರೂ ಅತ್ತರೆ ನನ್ನ ತಲೆ ತಣ್ಣಗಾಗುತ್ತದೆ. ಲೆಕ್ಕ ಹಾಕಿದೆ. ದಿಬ್ಬದ ಮೇಲೆ ಈಗ ಪಾದ ಮುಳುಗುವಷ್ಟು. ಹೋಗಿ ಬರಲು ಕಾಲು ತಾಸು. ಬರುವಾಗ ತೊಡೆ ತನಕ ಬರಬಹುದು, ಅದಕ್ಕಿಂತ ಹೆಚ್ಚಿಲ್ಲ. ಇನ್ನು ಹತ್ತು ನಿಮಿಷ ಕಳೆದರೆ ಆ ಲೆಕ್ಕ ಕೆಡುತ್ತದೆ. ಡೋನಲ್ ಬರುವುದು ಮೂರಕ್ಕೆ; ಅಷ್ಟರಲ್ಲಿ ಅವರು ಆಳ ಗೊತ್ತಿಲ್ಲದೆ ನೀರಿಗೆ ಇಳಿದರೆ ಸೆಳೆತ ಎಳೆದುಕೊಳ್ಳುತ್ತದೆ.

“ನೀ ಇಲ್ಲೇ ಎತ್ತರದ ಮ್ಯಾಲೆ ನಿಲ್ಲು,” ಅಂದೆ. “ಡೋನಲ್ ಕಂಡರ ಕೈ ಬೀಸು. ನಾ ಹೋಗಿ ಕರಕೊಂಡು ಬರ್ತೇನಿ.”

“ಅಮ್ಮೀ, ನಿನ್ನ ಕಾಲು,” ಅಂದಳು.

“ಕಾಲು ನಂದು. ನನಗ ಗೊತ್ತೈತಿ.”

ಸಲ್ವಾರ್ ಮೊಣಕಾಲಿಗೆ ಏರಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು ಹೊರಟೆ. ನೀರು ಐಸಿನ ಹಾಗೆ ಕೊರೆಯುತ್ತಿತ್ತು. ಅದೇ ನನ್ನ ಕಾಲಿಗೆ ಒಳ್ಳೆಯದಾಯಿತು, ನೋವೇ ಗೊತ್ತಾಗಲಿಲ್ಲ. ಮನಸ್ಸಿನಲ್ಲಿ ಕುರಾನಿನ ಆಯತುಲ್ ಕುರ್ಸಿ, ಕಣ್ಣು ಮರಳಿನ ಮೇಲೆ. ಬಂಡೆ ಸುತ್ತಿ ಹೋದರೆ ಅಪ್ಪ ಮಗಳು ಇಬ್ಬರೂ ಬೋರಲು ಮಲಗಿ ಸೀಲ್ ನೋಡುತ್ತಾ, ಮಾತಾಡಬೇಡ ಅಂತ ನನಗೇ ಸನ್ನೆ ಮಾಡಿದರು. ಏಳಿ ಅಂದೆ. ಇರ್ಫಾನ್ ಮೈ ಮುರಿಯುತ್ತಾ, “ಐದು ಗಂಟೆವರೆಗೂ ಟೈಮ್ ಐತೆ ಅಮ್ಮೀ, ನೀವ್ಯಾಕೆ ಬಂದ್ರಿ?” ಅಂದ.

“ಮೊದಲ ನಡಿ, ಆಮ್ಯಾಲೆ ವಾದ ಮಾಡು,” ಅಂದೆ. ಅಳಿಯನಿಗೆ ನಾನು ಯಾವತ್ತೂ ಏಕವಚನ ಆಡಿದವಳಲ್ಲ. ಅವನು ನನ್ನ ಮುಖ ನೋಡಿ ಎದ್ದುಬಿಟ್ಟ.

ಬಂಡೆ ಸುತ್ತಿ ಈಚೆ ಬಂದ ಮೇಲೆ ಅವನಿಗೆ ಹೇಳುವ ಅಗತ್ಯ ಬೀಳಲಿಲ್ಲ. ದಿಬ್ಬ ಇರಲಿಲ್ಲ. ಆಚೆ ದಂಡೆಯವರೆಗೂ ನೀರೇ, ನಡುವೆ ಬಣ್ಣ ಮಾತ್ರ ಸ್ವಲ್ಪ ತಿಳಿ. ಆ ತಿಳಿ ಬಣ್ಣದ ಮೇಲೇ ಕಾಲಿಡಬೇಕು ಅಂದೆ. ಇರ್ಫಾನ್ ಸಾರಾಳನ್ನು ಹೆಗಲ ಮೇಲೆ ಕೂರಿಸಿಕೊಂಡ. ನಾನು ಮುಂದೆ, ಅವನು ನನ್ನ ದುಪಟ್ಟಾದ ತುದಿ ಹಿಡಿದು ಹಿಂದೆ. ನಡುವಿಗೆ ಬಂದಾಗ ನೀರು ನನ್ನ ತೊಡೆಗೆ ಬಂತು, ಪಕ್ಕಕ್ಕೆ ಎಳೆಯಿತು. ಒಂದು ಸಲ ಕಾಲಡಿಯ ಮರಳು ಜಾರಿತು. ನಿಂತೆ, ಕಾಲು ಊರಿದೆ, ಮುಂದೆ ಇಟ್ಟೆ. ಮೇಲಿನಿಂದ ಸಾರಾ ಸಣ್ಣ ದನಿಯಲ್ಲಿ, ನಾನಿ, ಆರ್ ಯು ಸ್ಕೇರ್ಡ್ ಅಂದಳು. ಹೌದು, ನಡೆಯುತ್ತಾ ಹೆದರ್ತಿದ್ದೇನೆ ಅಂದೆ. ಹದಿನೇಳು ತಿಂಗಳಲ್ಲಿ ಆ ಹುಡುಗಿ ಮೊದಲ ಸಲ ಕನ್ನಡದಲ್ಲಿ, “ನಾನೂ,” ಅಂದಳು.

ನಸೀಮಾ ಎತ್ತರದಲ್ಲಿ ನಿಂತಿರಲಿಲ್ಲ. ಮೊಣಕಾಲುದ್ದ ನೀರಿಗೆ ಇಳಿದು ಕೈ ಚಾಚಿಕೊಂಡಿದ್ದಳು. ಮೊದಲು ಹಿಡಿದದ್ದು ನನ್ನ ಕೈ. ದಂಡೆಗೆ ಬಂದು ನಾಲ್ವರೂ ಮರಳಿನ ಮೇಲೆ ಬಿದ್ದುಕೊಂಡೆವು. ಒಂದು ತಾಸಿನ ಮೇಲೆ ಆ ದಿಬ್ಬವಿದ್ದ ಜಾಗದಲ್ಲಿ ಒಬ್ಬ ಆಳು ಮುಳುಗುವಷ್ಟು ನೀರು ಹರಿಯುತ್ತಿತ್ತು. ಅದನ್ನು ನೋಡಿ ನಾಲ್ವರೂ ಅಲ್ಹಮ್ದುಲಿಲ್ಲಾ ಅಂದೆವು.

ಮೂರಕ್ಕೆ ಡೋನಲ್ ಬಂದ. ಒದ್ದೆ ಬಟ್ಟೆ ನೋಡಿದ, ದಿಬ್ಬದ ಕಡೆ ನೋಡಿದ, ಎತ್ತರದ ಮರಳ ಮೇಲೆ ಇನ್ನೂ ಉಳಿದಿದ್ದ ನನ್ನ ಏಳು ಗುಣಿಸು ಐವತ್ತನ್ನು ನೋಡಿದ. ಕಥೆ ಕೇಳಿ ತೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ತನ್ನದೂ ತಪ್ಪು, ಆ ಪಟ್ಟಿ ತಾನೇ ಕೇಳಿ ನೋಡಬೇಕಿತ್ತು ಅಂದ. ಚಾಂದಿನ ಲೆಕ್ಕದಿಂದ ಹಿಡಿದೆ ಅಂದದ್ದಕ್ಕೆ ಅವನು ನಗಲಿಲ್ಲ, ತನ್ನ ಅಜ್ಜನೂ ಹಾಗೇ ಹೇಳುತ್ತಿದ್ದ ಅಂದ. ಆಮೇಲೆ ಒಂದು ಮಾತು ಸೇರಿಸಿದ. ನೀವು ಮಾಲ್ಟಾಕ್ಕೆ ಹೋಗಿದ್ದರೆ ಇದು ನೋಡಲು ಸಿಗುತ್ತಿರಲಿಲ್ಲ, ಮೆಡಿಟರೇನಿಯನ್ನಿನಲ್ಲಿ ನೀರು ಒಂದು ಗೇಣು ಏರಿ ಒಂದು ಗೇಣು ಇಳಿದರೆ ಹೆಚ್ಚು. ಹೌದಲ್ಲ! ನಾನೇ ಕಲಿಸಿದ ಪಾಠ, ಸುತ್ತ ನೆಲವಿರುವ ಸಮುದ್ರದಲ್ಲಿ ಉಬ್ಬರ ಕಡಿಮೆ. ಇಷ್ಟು ತಿಂಗಳು ಆ ಕೆಂಪು ಸಾಲಿಗೆ ಮರುಗಿದ್ದೆನಲ್ಲ, ದಂಡೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ.

ಹೊರಡುವಾಗ ಡೋನಲ್ ಚುಕ್ಕಾಣಿಯ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟ. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಅರ್ಥವಾಗಲು ಎರಡು ನಿಮಿಷ ಬೇಕಾಯಿತು. ಬೆನ್ನಿಗೆ ಗಾಳಿ, ಕೆಳಗೆ ಬಂದರಿನ ಕಡೆ ತುಂಬಿ ಹರಿಯುವ ಉಬ್ಬರ. ಒಂದು ತಾಸು ನಾನೇ ನಡೆಸಿದೆ. ಮೈಯೆಲ್ಲ ಉಪ್ಪು, ತಲೆಯ ಬಟ್ಟೆ ಹಾರುತ್ತಿತ್ತು, ಆ ವಿಜ್ಞಾನದ ಮಾಸ್ತರರು ಬದುಕಿದ್ದರೆ ಫೋಟೋ ಕಳಿಸುತ್ತಿದ್ದೆ. ಬದನೆಕಾಯಿ ಸಾರಿಗೆ ಬಿದ್ದಿತ್ತು.

ನಸೀಮಾ ಪಕ್ಕಕ್ಕೆ ಬಂದು ಕೂತಳು. ರಂಜಾನಿನಲ್ಲಿ ನೀನು ಹೇಳಿದ ಇಪ್ಪತ್ತೆರಡು ಸರಿಯೇ ಇತ್ತಲ್ಲ ಅಂದಳು. ಸರಿಯೇ ಇತ್ತು ಅಂದೆ. ಆಮೇಲೆ, ಹದಿನೇಳು ತಿಂಗಳಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು.

“ಅಮ್ಮೀ, ಟಿಕೆಟ್ ಯಾವಾಗಿಂದು ಮಾಡಲಿ?”

ಚುಕ್ಕಾಣಿ ಬಿಡುವ ಹಾಗಿಲ್ಲ, ಕಣ್ಣು ಒರೆಸುವ ಹಾಗಿಲ್ಲ. ಆಗಸ್ಟಿಗೆ ಅಂದೆ, ಶಾಲೆ ತೆಗೆಯುವ ಮೊದಲು.

“ಅಲ್ಲಿ ನಿನ್ನ ಯಾರು ನೋಡ್ಕೋತಾರ?” ಅಂದಳು. ಅದು ಜಗಳದ ದನಿಯಲ್ಲ, ಮಗಳ ದನಿ.

“ನಾ ಹೊಂಟಿದ್ದು ನೋಡ್ಕೊಳ್ಳಾಕ, ನಸೀಮಾ. ನೋಡಿಸ್ಕೊಳ್ಳಾಕಲ್ಲ.”

ಆಗಸ್ಟಿನ ಕೊನೆಯ ವಾರ ಎರಡು ವಿಮಾನ ಬದಲಿಸಿ, ಒಬ್ಬಳೇ ಬಂದು ಇಳಿದೆ. ಮನೆಯ ಧೂಳು ಹೊಡೆಯಲು ಎರಡು ದಿನ. ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಚಾಪೆ ಹಾಸಿ, ಹಳೆಯ ಹಾಜರಿ ಪುಸ್ತಕ ಬಿಡಿಸಿ ಹನ್ನೊಂದು ಹೆಸರು ಕೂಗಿದೆ. ಹತ್ತು ಹಾಜರ್. ರೇಣುಕಾ ಇಲ್ಲ. ನಾಡಿದ್ದು ಅವಳ ಮನೆಗೆ ಗಂಡಿನ ಕಡೆಯವರು ಬರ್ತಾರೆ ಅಂತ ಹುಡುಗಿಯರು ಪಿಸುಗುಟ್ಟಿದರು. ಪಾಠ ಹತ್ತಕ್ಕೆ ಮುಗಿಯಿತು, ಹತ್ತೂ ಕಾಲಿಗೆ ನಾನು ಬೆಟಗೇರಿಯಲ್ಲಿ ಅವಳ ಅಪ್ಪನ ಮಗ್ಗದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಹುಡುಗಿಗೆ ಇನ್ನೂ ಹದಿನೈದು, ಇದು ಕಾನೂನಿಗೆ ಹೊರಗಿನದು ಅಂತ ಮೊದಲು ಹೇಳಿದೆ. ಅವಳು ನಕಾಶೆ ಬಿಡಿಸುವ ಕೈ ಎಂಥದ್ದು ಅಂತ ಆಮೇಲೆ ಹೇಳಿದೆ. ಅವನು ಲಾಳಿ ನಿಲ್ಲಿಸಿ ತಲೆ ತಗ್ಗಿಸಿದ. ನೀವು ಇನ್ನು ಬರೋದಿಲ್ಲ ಅಂತ ಎಲ್ಲರೂ ಅಂದ್ರಲ್ರೀ ಟೀಚರ್, ಅಂದ.

ಬಂದೇನಲ್ಲ ಅಂದೆ.

ಮರುದಿನ ಬೆಳಿಗ್ಗೆ ಹನ್ನೊಂದೂ ಹಾಜರ್.